ಬಣ್ಣದಡಿಯ ಬೆಕ್ಕು ಎದ್ದು ಬಂದ ದಿನ

ನಮ್ಮ ಭಾವ ಮನೆಗಳಿಗೆ ಬಣ್ಣ ಹೊಡೆಯುವವರು. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಅವರು ಬಣ್ಣ ಹೊಡೆದ ಗೋಡೆಯ ಮೇಲೆ ಕೂರಲು ನೊಣ ಕೂಡ ಹಿಂದೆ ಮುಂದೆ ನೋಡುತ್ತದೆ, ಎಲ್ಲಿ ಜಾರಿಬಿದ್ದು ಮಾನ ಹೋದೀತೋ ಎಂದು. ಮೊದಲು ಪುಟ್ಟಿ ತುಂಬುತ್ತಾರೆ, ಉಜ್ಜುತ್ತಾರೆ, ಕಣ್ಣು ಮುಚ್ಚಿ ಅಂಗೈ ಆಡಿಸುತ್ತಾರೆ, ಮತ್ತೆ ಉಜ್ಜುತ್ತಾರೆ. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದು ಅದೆಲ್ಲ ಆದ ಮೇಲೆ.

ಉಜ್ಜುವುದಕ್ಕೂ ಮುಚ್ಚಳ ತೆಗೆಯುವುದಕ್ಕೂ ನಡುವೆ ಇನ್ನೊಂದು ಕೆಲಸವಿದೆ. ಅದು ಯಾವ ಮನೆಯವರಿಗೂ ಗೊತ್ತಿರಲಿಲ್ಲ. ಸುತ್ತ ಯಾರೂ ಇಲ್ಲದ್ದು ನೋಡಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ನುಣುಪಾದ ಗೋಡೆಯ ಮೇಲೆ ಒಂದು ಬೆಕ್ಕು ಬರೆದುಬಿಡುತ್ತಾರೆ.

ಬೆಕ್ಕು ಅಂದರೆ ಭಾರೀ ಚಿತ್ರವೇನಲ್ಲ. ಎರಡು ಕಿವಿ, ಬೆನ್ನಿನದೊಂದು ಬಾಗು, ಕಣ್ಣಿನ ಜಾಗಕ್ಕೆ ಚುಕ್ಕಿ, ನಾಲ್ಕಾರು ಮೀಸೆ. ನೀವು ಸೀನಿ ಮುಗಿಸುವಷ್ಟರಲ್ಲಿ ಬೆಕ್ಕು ಸಿದ್ಧ. ಆದರೆ ಆ ಬೆಕ್ಕು ಬರೀ ಬೆಕ್ಕಲ್ಲ, ಆ ಮನೆಯ ಯಜಮಾನ! ಕಿರಾಣಿ ಅಂಗಡಿಯವರ ಮನೆಯಲ್ಲಿ ತಟ್ಟೆಯನ್ನು ಹೊಟ್ಟೆಯಡಿ ಬಚ್ಚಿಟ್ಟುಕೊಂಡು ಆಕಾಶ ನೋಡುತ್ತಿರುವ ಬೆಕ್ಕು. ಸಂಗೀತದ ಮೇಷ್ಟ್ರ ಮನೆಯಲ್ಲಿ ಹಾಡುತ್ತಿದೆಯೋ ಆಕಳಿಸುತ್ತಿದೆಯೋ ಹೇಳಲಾಗದ ಬೆಕ್ಕು. ಆಮೇಲೆ ಅದರ ಮೇಲೆ ಬಣ್ಣ. ಮನೆಯವರು ಬಂದು ಅದರ ತಲೆಯ ಮೇಲೇ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕುತ್ತಾರೆ. ತಮ್ಮ ನೆತ್ತಿಗೇ ಮೊಳೆ ಬಿತ್ತು ಎಂದು ಪಾಪ ಅವರಿಗೇನು ಗೊತ್ತು?

"ಯಾಕೆ ಭಾವ ಹೀಗೆಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಯಾಕೆ ಅಂದ್ರೆ ಏನೋ? ಮಜಾ ಕಣೋ" ಎಂದಿದ್ದರು. ಭಾವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಈ ಗುಟ್ಟು ತಿಳಿದಿದ್ದವರು ಅಕ್ಕ ಮತ್ತು ನಾನು. ಅಕ್ಕ ಖಡಕ್ಕಾಗಿ ಹೇಳಿಟ್ಟಿದ್ದಳು: "ನೋಡಿ, ಯಾವತ್ತಾದ್ರೂ ಯಾರಾದ್ರೂ ಮನೆಯವರಿಗೆ ಗೊತ್ತಾಯ್ತೋ, ಅವತ್ತಿಗೆ ಬೆಕ್ಕು ಬಂದ್. ಜನ ನಂಬಿ ಮನೆ ಬೀಗದಕೈ ಕೊಡ್ತಾರೆ, ನೀವು ಅವರ ಮುಖಕ್ಕೆ ಮೀಸೆ ಬರೀತೀರಾ?" ಭಾವ ತಲೆಯಾಡಿಸಿ ಒಪ್ಪಿದ್ದರು. ಒಪ್ಪಿದ ಮಾತನ್ನು ಮುರಿಯುವವರಲ್ಲ ಅವರು. ಅದೇ ಭಯ.

ಹಾಗಿರುವಾಗ ಒಂದು ಬೆಳಿಗ್ಗೆ ಭಾವನ ಫೋನು.

"ತಕ್ಷಣ ಬಾ. ಎದ್ದುಬಿಟ್ಟಿದೆ."

"ಏನು ಎದ್ದಿದೆ?"

"ಬೆಕ್ಕು!"

ನಾನು ಬರಹಗಾರ, ಅಂದರೆ ಕೆಲಸವಿದೆ ಎಂದು ಹೇಳಿಕೊಂಡು ಮನೆಯಲ್ಲಿರುವವನು. ಚಪ್ಪಲಿ ಮೆಟ್ಟಿ ಓಡಿದೆ. ಎಡದ್ದು ನನ್ನದು, ಬಲದ್ದು ಹೆಂಡತಿಯದು ಎಂಬುದು ಅಲ್ಲಿಗೆ ಮುಟ್ಟಿದ ಮೇಲೆ ತಿಳಿಯಿತು.

ಅದು ನಾಲ್ಕು ಮನೆಗಳ ಕಟ್ಟಡ. ಒಡತಿ ನಿವೃತ್ತ ಹೆಡ್ ನರ್ಸ್. ಒಂದು ವಾರ್ಡನ್ನೇ ಕಣ್ಸನ್ನೆಯಲ್ಲಿ ನಡೆಸಿದವರು. ಗೋಡೆ ಬೆಳ್ಳಗಿರಬೇಕು, ಅಂದರೆ ಬೆಳ್ಳಗೇ. "ಒಂದು ಕಲೆ ಕಂಡ್ರೂ ಉಳಿದ ಮೂರು ಮನೆ ಕೆಲಸ ಬೇರೆಯವರಿಗೆ" ಎಂದು ಮೊದಲೇ ಹೇಳಿದ್ದರು. ಅವರು ಸಾಮಾನು ಸಮೇತ ಬಂದು ಇರಲಿದ್ದ ಕೆಳಗಿನ ಮನೆಯಲ್ಲಿ ಭಾವ ರೋಲರ್ ಹಿಡಿದು, ಮೈಯೆಲ್ಲ ಬೆವತು ನಿಂತಿದ್ದರು. ಎದುರಿಗೆ ಹಾಲಿನಂಥ ಗೋಡೆ. ಹಾಲಿನ ನಡುವೆ ಬೂದು ಬೂದಾಗಿ ಒಂದು ಬೆಕ್ಕು.

"ಪೆನ್ಸಿಲ್ ಗೆರೆ ಒಂದು ಕೋಟ್ ಬಣ್ಣಕ್ಕೇ ಮುಚ್ಚಿಹೋಗುತ್ತಲ್ಲ ಭಾವ?"

"ಪೆನ್ಸಿಲ್ ಅಲ್ಲ" ಎಂದರು ಭಾವ, ಗೋಡೆಗೇ ಹೇಳುವ ಹಾಗೆ. "ಮಾರ್ಕರ್."

ಗೋಡೆಯ ಮೇಲೆ ಮಾರ್ಕರ್ ಗೀಟಿದ್ದರೆ ಬಣ್ಣದ ಮೇಲೆ ಬಣ್ಣ ಬಳಿದರೂ ಅದು ಬಣ್ಣದಲ್ಲಿ ಕರಗಿ ಮೇಲೆ ಬರುತ್ತದೆ, ಮೊದಲು ಕಲೆ ತಡೆಯುವ ಪ್ರೈಮರ್ ಹೊಡೆಯಬೇಕು ಎಂದು ಮಕ್ಕಳಿರುವ ಪ್ರತಿ ಮನೆಗೂ ಪಾಠ ಹೇಳುವವರು ಇವರೇ! ಆದದ್ದಿಷ್ಟು. ಹಿಂದಿನ ದಿನ ಒಡತಿ ರಟ್ಟಿನ ಪೆಟ್ಟಿಗೆಗಳ ಮೇಲೆ 'ಪಾತ್ರೆ', 'ಹಾಸಿಗೆ' ಎಂದು ಬರೆಯುತ್ತಾ, ಕನ್ನಡಕದ ಮೇಲಿನಿಂದ ಭಾವನನ್ನು ಒಮ್ಮೆ ನೋಡಿದರಂತೆ. ಥರ್ಮಾಮೀಟರ್ ಕಚ್ಚಿ ಸುಮ್ಮನಿರು ಎನ್ನುವಂಥ ನೋಟ. ಮಾರ್ಕರ್ ಪೆಟ್ಟಿಗೆಯ ಮೇಲಿಟ್ಟು ಹೊರಟುಹೋದರಂತೆ.

"ಆ ನೋಟ ಬೆರಳ ತುದೀಲಿ ಬಂದು ಕೂತಿತ್ತು ಕಣೋ. ಕಿವೀಲಿ ಪೆನ್ಸಿಲ್ ಇರಲಿಲ್ಲ, ಹುಡುಕ್ತಾ ಕೂತಿದ್ರೆ ಹಾರಿಹೋಗ್ತಿತ್ತು. ಕೈಗೆ ಸಿಕ್ಕಿದ್ದು ಅದೇ. ಬರೆದು, ಖುಷಿಯಲ್ಲಿ ಹಾಗೇ ಬಣ್ಣ ಹೊಡೆದುಬಿಟ್ಟೆ! ಈಗ ಮೂರನೇ ಕೋಟ್. ಹೊಡೆದಷ್ಟೂ ನನ್ನನ್ನೇ ನೋಡ್ತಿದೆ."

ನಾನು ನೋಡಿದೆ. ಅದೂ ನೋಡಿತು. ಅಬ್ಬಾ! ಸೆಟೆದು ಕೂತ ಬೆನ್ನು, ಒಂದು ಕೂದಲೆಳೆ ಕೊಂಕಿದ ಕಿವಿ, ಕನ್ನಡಕವಿಲ್ಲದೆಯೂ ಕನ್ನಡಕದ ಮೇಲಿನಿಂದ ನೋಡುವ ಚುಕ್ಕಿಗಳು. ನಾನು ತಿಳಿಯದೆ ಅಂಗಿಯ ಗುಂಡಿ ಸರಿಮಾಡಿಕೊಂಡೆ.

"ಪ್ರೈಮರ್ ತರಲಾ?"

"ತಂದು ಹೊಡೆದು ಒಣಗೋದು ಯಾವಾಗ? ಅವರು ಈಗ..."

ಗೇಟು ಕಿರ್ರೆಂದಿತು.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಏನಾದರೂ ಯೋಚಿಸುತ್ತಾರೆ. ನಾನು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಬಣ್ಣ ಇನ್ನೂ ಹಸಿ ಎಂಬುದು ಬೆನ್ನಿಗೆ ತಣ್ಣಗೆ ತಾಗಿದಾಗ ಅರ್ಥವಾಯಿತು.

ಒಡತಿ ಒಳಗೆ ಬಂದರು. ಗೋಡೆಗಳ ಮೇಲೆ ಕಣ್ಣು ಹಾಯಿಸುತ್ತಾ ಬಂದು ನನ್ನ ಮುಂದೆ ನಿಂತರು.

"ಯಾರಿವರು?"

"ನಮ್ಮ ಬಾಮೈದ ಮೇಡಂ" ಎಂದರು ಭಾವ.

"ಗೋಡೆಗ್ಯಾಕೆ ಅಂಟ್ಕೊಂಡಿದಾರೆ?"

"ಸ್ವಲ್ಪ... ಸುಸ್ತು" ಎಂದೆ ನಾನು.

ಹೇಳಬಾರದವರ ಮುಂದೆ ಹೇಳಬಾರದ ಮಾತು. ಅವರು ಗಪ್ಪನೆ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. "ನಾಡಿ ಕುದುರೆ ಥರ ಓಡ್ತಿದೆ! ನಿಂತ್ಕೊಂಡು ಏನ್ ಮಾಡ್ತಿದೀರಿ? ಮಲಗಿ ಮೊದಲು!"

"ಇಲ್ಲ ಮೇಡಂ, ನಿಂತರೇ ಆರಾಮ..."

"ನನಗೆ ಹೇಳಿಕೊಡ್ತೀರಾ? ಬನ್ನಿ ಈ ಕಡೆ!"

ಎಂಥೆಂಥ ಹಟಮಾರಿ ರೋಗಿಗಳ ಮಗ್ಗುಲು ಬದಲಿಸಿದ ಕೈ ಅದು. ಒಂದೇ ಎಳೆತ. ನಾನು ಪೆಟ್ಟಿಗೆಯ ಮೇಲೆ ಬಿದ್ದೆ. ಮೂರನೇ ಕೋಟ್ ಬಣ್ಣ ನನ್ನ ಬೆನ್ನಿನ ಜೊತೆಗೇ ಎದ್ದು ಬಂತು. ಗೋಡೆಯ ಮೇಲೆ ಬೆಕ್ಕು ಮುಖ ತೊಳೆದುಕೊಂಡಂತೆ ನಿಚ್ಚಳವಾಗಿ ನಿಂತಿತು.

ಭಾವನ ರೋಲರಿನಿಂದ ಒಂದು ಹನಿ ಟಪ್ ಎಂದಿತು. ಅವರು ನೋಡುತ್ತಿದ್ದುದು ಒಡತಿಯನ್ನಲ್ಲ, ಬೆಕ್ಕನ್ನು. ಮೂರು ಮನೆ ಹೋದರೆ ಬೇರೆ ಮನೆ ಸಿಗುತ್ತದೆ. ಬೆಕ್ಕು ಹೋದರೆ?

ಒಡತಿ ಗೋಡೆಯ ಹತ್ತಿರ ಹೋದರು. ಕನ್ನಡಕದ ಮೇಲಿನಿಂದ ನೋಡಿದರು. ಬೆಕ್ಕೂ ಅವರನ್ನು ಹಾಗೇ ನೋಡಿತು. ಎರಡು ಮುಖಗಳನ್ನೂ ಒಟ್ಟಿಗೆ ಕಂಡ ನನಗೆ ನಗು ಒತ್ತರಿಸಿ ಬಂತು, ಅದನ್ನು ಕೆಮ್ಮು ಮಾಡಿಕೊಂಡೆ.

"ಯಾರು ಬರೆದಿದ್ದು?"

"ನಾನೇ ಮೇಡಂ" ಎಂದರು ಭಾವ.

"ನೀವು ನಮ್ಮ ತಂಗೀನ ಯಾವಾಗ ನೋಡಿದ್ರಿ?"

"ತಂಗೀನಾ?"

"ಥೇಟ್ ಅವಳೇ! ಆ ಕಿವಿ ನೋಡಿ, ಯಾರ ಮಾತಿಗೂ ಸೊಪ್ಪು ಹಾಕದ ಆ ಕಿವಿ! ಆ ಬಿಗುಮಾನ! ಏ, ಬಾರೇ ಇಲ್ಲಿ, ಬೇಗ ಇಳಿದು ಬಾ!" ಎಂದು ಮೆಟ್ಟಿಲಿನತ್ತ ಕೂಗಿದರು.

ಮೇಲಿನ ಮನೆಯ ತಂಗಿ, ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಿಡಿದು ಇಳಿದು ಬಂದರು. ಗೋಡೆ ನೋಡಿದರು. ಅಕ್ಕನನ್ನು ನೋಡಿದರು. ಮತ್ತೆ ಗೋಡೆ ನೋಡಿ, ಕಿತ್ತಳೆ ಸಮೇತ ನೆಲಕ್ಕೆ ಕುಸಿದು ನಗತೊಡಗಿದರು.

"ನನ್ನ ಥರಾನಾ? ಅಕ್ಕಾ, ಇದು ನೀನೇ! ಇದು ಇನ್ನೇನು ಇಂಜೆಕ್ಷನ್ ಚುಚ್ಚುತ್ತೆ ನೋಡು!"

"ನಾನು ಯಾವಾಗ ಹಾಗೆ ನೋಡಿದೆ?"

"ಈಗ ನೋಡ್ತಿದೀಯಲ್ಲ!"

ಒಡತಿ ತಟ್ಟನೆ ಕನ್ನಡಕ ತೆಗೆದರು. ತೆಗೆದರೆ ಇನ್ನೂ ಬೆಕ್ಕಿನ ಹಾಗೆಯೇ ಕಂಡರು. ಅವರ ತುಟಿ ಒಂದು ಕಡೆ ಅದುರಿತು, ಇನ್ನೊಂದು ಕಡೆ ಅದುರಿತು, ಆಮೇಲೆ ಆ ವಾರ್ಡು ಎಂದೂ ಕೇಳಿರದ ನಗೆಯೊಂದು ಹೊರಬಿತ್ತು. ನಕ್ಕು ಮುಗಿಸಿ, ಭಾವನತ್ತ ಬೆರಳು ತೋರಿಸಿ ಅಪ್ಪಣೆ ಮಾಡಿದರು: "ಇವಳದೂ ಬರೀರಿ. ಇದರ ಪಕ್ಕದಲ್ಲೇ. ಈಗಲೇ. ನನ್ನೊಬ್ಬಳದೇ ಯಾಕೆ?"

ಗಂಡಾಂತರ ಕಳೆಯಿತು ಎಂದು ನಾನಂದುಕೊಂಡೆ. ಭಾವನ ಮುಖ ನೋಡಿದರೆ ಅದು ಈಗ ಶುರುವಾದಂತಿತ್ತು. ಜನ್ಮದಲ್ಲಿ ಅವರು ಯಾರ ಎದುರೂ ಬೆಕ್ಕು ಬರೆದವರಲ್ಲ. ಹಸಿ ಬಣ್ಣ ಒರೆಸಿದ ಜಾಗದಲ್ಲಿ ಪೆನ್ಸಿಲ್ಲಿನಿಂದ ಮೊದಲು ಬಂದದ್ದು ಕಿವಿ ಮೂಡಿದ ಆಲೂಗಡ್ಡೆ. ಅಳಿಸಿ ಮತ್ತೆ ಬರೆದರೆ ಮೇಕೆ.

"ಇದು ನಾನಾ?" ತಂಗಿ ಎದ್ದು ನಿಂತರು. "ಅವಳಿಗಾದ್ರೆ ಅಷ್ಟು ಚೆಂದ, ನನಗೆ ಗಡ್ಡ!"

"ಸರಿಯಾಗೇ ಇದೆ, ಬಿಡು" ಎಂದರು ಒಡತಿ.

ತಂಗಿಗೆ ಸಿಟ್ಟು ಬಂತು, ನಗುವೂ ಬಂತು. ಯಾವುದನ್ನೂ ಅಕ್ಕನಿಗೆ ತೋರಿಸಬಾರದೆಂದು ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ, ಅತ್ತ ತಿರುಗಿಬಿಟ್ಟರು.

ಅಷ್ಟೇ ಬೇಕಿತ್ತು! ಭಾವನ ಕೈ ಗೋಡೆಯ ಮೇಲೆ ಸರ್ರನೆ ಹರಿಯಿತು. ಗಲ್ಲ, ಮುಚ್ಚಿದ ಕಣ್ಣಿಗೆ ಎರಡು ಕೊಂಕು, ಉಬ್ಬಿದ ಎದೆ, ಕೊನೆಗೊಂದು ಬಾಲ. ಆ ಬಾಲ ಉದ್ದಕ್ಕೆ ಹೋಗಿ ಒಡತಿ ಬೆಕ್ಕಿನ ಮೂಗಿಗೇ ಕಚಗುಳಿ ಇಟ್ಟಿತು. ಅಕ್ಕತಂಗಿಯರಿಬ್ಬರೂ ಒಟ್ಟಿಗೆ "ಅಯ್ಯೋ!" ಎಂದರು. ನಾನು ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆದೆ. ಒಳಗೆ ಪಿಂಗಾಣಿಯೇನೋ ಕಿಣಿಕಿಣಿ ಎಂದಿತು.

"ಉಳಿದ ಮೂರು ಮನೆಗೂ ಬೆಕ್ಕು ಬೇಕು. ಮೇಲೆ ಬಣ್ಣ ಹೊಡೀಬೇಡಿ" ಎಂದರು ಒಡತಿ. ಮರುಕ್ಷಣ ಕನ್ನಡಕ ಏರಿಸಿ, "ಆದ್ರೆ ಅಲ್ಲಿ ಮೂಲೇಲಿ ರೋಲರ್ ಗೆರೆ ಉಳಿದಿದೆ, ಸರಿಮಾಡಿ. ಇವರ ಬೆನ್ನಿನ ಗುರುತೂ ಹೋಗಬೇಕು."

ಸಂಜೆ ಭಾವ ಅಕ್ಕನ ಮುಂದೆ ಎಲ್ಲವನ್ನೂ ಒಪ್ಪಿಸಿದರು. ಜೊತೆಗೆ ನಾನಿದ್ದೆ, ಸಾಕ್ಷಿಗೆ ಅಂಗಿಯೂ ಇತ್ತು. "ಗೊತ್ತಾದ್ರೆ ಬಂದ್ ಅಂದಿದ್ದೆ ನೀನು" ಎಂದು ಪೆನ್ಸಿಲನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರು.

ಅಕ್ಕ ಪೆನ್ಸಿಲನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಈ ಮನೆ ಗೋಡೇಲೂ ಒಂದಿದೆಯಾ?"

"ಇದೆ."

"ನಂದಾ?"

"ಹೂಂ."

"ಊರಿನವರ ಬೆಕ್ಕೆಲ್ಲ ಆಚೆ ಬಂದು ಮೆರೀಬೇಕು, ನಂದು ಮಾತ್ರ ಬಣ್ಣದಡಿ ಉಸಿರುಕಟ್ಟಿ ಸಾಯ್ಬೇಕಾ? ಏಳಿ. ಮೊದಲು ನಂದು ಬರೀರಿ. ಬಂದ್ ವಿಷಯ ಆಮೇಲೆ ನೋಡೋಣ."

ಭಾವ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಮಗುಚಿತು. ನಾನು ಸುಮ್ಮನಿರಲಾರದೆ ಕೇಳಿದೆ: "ಭಾವ, ನಮ್ಮನೆಗೂ ನೀವೇ ಬಣ್ಣ ಹೊಡೆದಿದ್ದಲ್ವಾ? ನನ್ನದೂ ಇದೆಯಾ?"

"ಇದೆ. ನಿನ್ನ ಬರೆಯೋ ಮೇಜಿನ ಹಿಂದಿನ ಗೋಡೇಲಿ."

ನನ್ನ ಎದೆ ಹಿಗ್ಗಿತು. ಬರೆಯುವ ಮೇಜಿನ ಹಿಂದೆ! ಚೂಪು ಕಣ್ಣು, ನಿಮಿರಿದ ಕಿವಿ, ಲೋಕವನ್ನೇ ಬೇಟೆಯಾಡಲು ಹೊಂಚುವ ಬೆಕ್ಕು! "ಹೇಗಿದೆ ಭಾವ? ಏನು ಮಾಡ್ತಿದೆ?"

ಭಾವ ಆಗಲೇ ಗೋಡೆಯ ಮುಂದೆ ಅಕ್ಕನ ಮುಖ ನೋಡುತ್ತಾ ನಿಂತಿದ್ದರು. ತಿರುಗದೆಯೇ ಹೇಳಿದರು.

"ಮಲಗಿದೆ."

ಮನೆಗೆ ಬಂದು ಈ ಅನ್ಯಾಯವನ್ನು ಹೆಂಡತಿಗೆ ಹೇಳಿದೆ. ಅವಳು ತನ್ನ ಬಲಗಾಲಿನ ಚಪ್ಪಲಿಯನ್ನು ನನ್ನಿಂದ ಕಿತ್ತುಕೊಳ್ಳುತ್ತಾ, "ನೋಡದೇ ಹೇಗೆ ಹೇಳ್ಲಿ? ಗೊರಕೆ ಹೊಡೀತಿದ್ರೆ ನಿಮ್ಮದೇ" ಎಂದಳು.