ಒಂಟಿಕಿವಿಯವನ ಅರ್ಧ ಸುತ್ತು

ಗುಡುಗುಡು, ಗುಡು... ಟಪ್. ಹಳೆಯ ಕಾರು ಗ್ಯಾರೇಜಿನೊಳಗೆ ಬಂದು ನಿಂತದ್ದೇ ಬಂದ್ ಆಯಿತು.

ಸ್ಟಿಯರಿಂಗ್ ಹಿಂದೆ ತಂಗಿ. ತುಟಿ ಒಡೆದಿತ್ತು.

"ನೋಡಿದ್ಯಾ ಅಣ್ಣ? ಓಡೋವಾಗ ಸರಿ, ನಿಂತ್ರೆ ಸಾಕು, ಹೋಗ್ಬಿಡತ್ತೆ. ನಿನ್ನೆ ಸಿಗ್ನಲ್‌ನಲ್ಲಿ ಹಿಂಗೇ ಆಯ್ತು. ನನ್ನ ಗಂಡ ಹಿಂದೇನೇ ಬಂದು ಜುಟ್ಟು ಹಿಡಿದು ಎಳೆದ. ಇವತ್ತು ಚಿಕ್ಕಮ್ಮನ ಮನೆ ಮುಟ್ಟಲಿಲ್ಲ ಅಂದ್ರೆ ನಾನು ಉಳಿಯಲ್ಲ."

ಅಣ್ಣ ತಲೆ ತಗ್ಗಿಸಿದ. ಹೋದ ವಾರ ಇದೇ ದೂರಿಗೆ ಅವಸರದಲ್ಲಿ, ನಿಂತಾಗಿನ ಎಂಜಿನ್ ವೇಗ ಹೆಚ್ಚಿಸುವ ಐಡ್ಲಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಏರಿಸಿ ಕಳಿಸಿದವನು ಅವನೇ. ಎಂಜಿನ್ ಜೋರಾಗಿ ಕೂಗಿತ್ತು, ಕಾಯಿಲೆ ಒಳಗೇ ಉಳಿದಿತ್ತು.

ಬೀದಿಗೆಲ್ಲ ಅವನು ಒಂಟಿಕಿವಿ. ಒಂಬತ್ತರ ವಯಸ್ಸಿನಲ್ಲಿ, ತಂಗಿಗೆ ಬೀಳಬೇಕಿದ್ದ ಅಪ್ಪನ ಏಟಿಗೆ ಅಡ್ಡ ಬಂದು ಎಡಗಿವಿ ಕಳೆದುಕೊಂಡಿದ್ದ. ಉಳಿದ ಕಿವಿಯಲ್ಲೇ ಇಪ್ಪತ್ತು ವರ್ಷ ಎಂಜಿನ್‌ಗಳ ನಾಡಿ ನೋಡಿದ್ದ.

ತಂಗಿ ಮತ್ತೆ ಸ್ಟಾರ್ಟ್ ಮಾಡಿ, ಬಂದ್ ಆಗದಂತೆ ಆಕ್ಸಿಲರೇಟರ್ ಒತ್ತಿ ಹಿಡಿದಳು. ಅಣ್ಣ ಬಾನೆಟ್ ಎತ್ತಿ, ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿ ಬಲಗಿವಿಗೆ ಇಟ್ಟು, ಇನ್ನೊಂದನ್ನು ಓಡುತ್ತಿದ್ದ ಎಂಜಿನ್ ಸುತ್ತ ಆಡಿಸಿದ. ಕಾರ್ಬ್ಯುರೇಟರ್ ಕೆಳಗೆ ಸುಯ್ ಎಂದಿತು. ಬ್ರೇಕಿಗೆ ಹೋಗುವ ಗಾಳಿಪೈಪಿನ ತುದಿ ಬಿರುಕು ಬಿಟ್ಟಿತ್ತು. ಹೆಬ್ಬೆರಳಿಂದ ಒತ್ತಿ ಹಿಡಿದರೆ ಎಂಜಿನ್ ನೆಟ್ಟಗಾಯಿತು. ಬಿರುಕಿನ ತುದಿ ಕತ್ತರಿಸಿ, ಪೈಪನ್ನು ಮತ್ತೆ ತೂರಿಸಿ ಕ್ಲಿಪ್ ಬಿಗಿದ. ಹೋದ ವಾರ ಏರಿಸಿದ ಸ್ಕ್ರೂವನ್ನು ಅರ್ಧ ಸುತ್ತು ಇಳಿಸುವುದೊಂದೇ ಬಾಕಿ.

ಅಷ್ಟರಲ್ಲಿ ಭಾವ ಬಂದ. ನೆಲದಲ್ಲಿದ್ದ ಜಾಕ್ ರಾಡ್ ಅವನ ಕೈಗೆ ಸಿಕ್ಕಿತು.

"ಏನೋ ಒಂಟಿಕಿವಿ, ಗಂಡ ಹೆಂಡ್ತಿ ಮಧ್ಯೆ ಮೂಗು ತೂರಿಸ್ತೀಯಾ? ಕಿವಿ ಒಂದು ಹೋಗಿದೆ, ಮೂಗೂ ಹೋಗತ್ತೆ."

"ಅರ್ಧ ಸುತ್ತು ಇದೆ ಭಾವ, ತಾಳಿ."

ರಾಡ್ ಹಣೆಗೆ ಬಡಿಯಿತು. ರಕ್ತ ಬಿಸಿ ಎಂಜಿನ್ ಮೇಲೆ ಬಿದ್ದು ಚುರ್ ಎಂದಿತು. ಸ್ಕ್ರೂಡ್ರೈವರ್ ಜಾರಲಿಲ್ಲ. ಎರಡನೇ ಏಟು ಹೆಗಲಿಗೆ. ಅರ್ಧ ಸುತ್ತು ಮುಗಿಯಿತು.

ಪೈಪು ಕಿತ್ತೆಸೆಯಲು ಭಾವ ಒಳಗೆ ಕೈ ಹಾಕಿದ. ಒಂಟಿಕಿವಿ ಆ ಕೈ ಮೇಲೆ ಬಾನೆಟ್ ಬಡಿದ. ಮಣಿಕಟ್ಟು ಮುರಿದ ಸದ್ದು ಅವನ ಬಲಗಿವಿಗೆ ಸ್ಪಷ್ಟವಾಗಿ ಕೇಳಿತು. ಬಾನೆಟ್ ಎತ್ತಿ, ಕಾಲರ್ ಹಿಡಿದು ಭಾವನನ್ನು ಟೈರುಗಳ ರಾಶಿಗೆ ಎಸೆದು, ಬಾನೆಟ್ ಮುಚ್ಚಿದ.

"ಹೊರಡು," ಎಂದ ತಂಗಿಗೆ.

ಕಾರು ಹೊರಬಿತ್ತು. ಬೀದಿ ತುದಿಯಲ್ಲಿ ಕೆಂಪು ದೀಪ. ಕಾರು ನಿಂತಿತು.

"ಪೊಲೀಸಿಗೆ ಹೋಗ್ತೀನಿ ಕಣೋ," ಕೈ ಅವುಚಿಕೊಂಡು ಭಾವ ನರಳಿದ. "ಇವತ್ತಲ್ಲ ನಾಳೆ ಅವಳು ಬರ್ಲೇಬೇಕು. ಕೇಳ್ತಿದ್ಯಾ? ನಾನು ಹೇಳ್ತಿರೋದು..."

ಒಂಟಿಕಿವಿ ಹಣೆಯ ರಕ್ತ ಒರೆಸಿಕೊಳ್ಳದೆ, ಬಲಗಿವಿಯನ್ನು ಸಿಗ್ನಲ್ ಕಡೆ ತಿರುಗಿಸಿ ಬೀದಿಗೆ ನಡೆದ. ಗುಡುಗುಡು, ಗುಡುಗುಡು, ಒಂದೇ ಸಮ.