ಕಿಚ್ಚು ಹಾಯ್ದ ಕಾರು

ನಮ್ಮ ಮನೆಯ ಕಾರಿನಲ್ಲಿ ನಾನು ಕೂತದ್ದಕ್ಕಿಂತ ಅದನ್ನು ತಳ್ಳಿದ್ದೇ ಹೆಚ್ಚು. ಕೂತರೆ ಹಿಂದಿನ ಸೀಟು, ತಳ್ಳಿದರೂ ಹಿಂದೆಯೇ. ಮುಂದಿನಿಂದ ಅದು ಹೇಗೆ ಕಾಣುತ್ತದೆ ಎಂದರೆ ಯೋಚನೆ ಮಾಡಿ ಹೇಳಬೇಕು. ಹಿಂಭಾಗ ಮಾತ್ರ ಚೆನ್ನಾಗಿ ಗೊತ್ತು. ಗಾಜಿನ ಸಮೇತ ಇಡೀ ಬಾಗಿಲು ಮೇಲಕ್ಕೆ ಏಳುತ್ತದೆ, ಎತ್ತಿದವರು ಹುಷಾರಾಗಿಲ್ಲದಿದ್ದರೆ ತಲೆಯ ಮೇಲೆ ಬೀಳುತ್ತದೆ. ನನ್ನ ತಲೆಯ ಮೇಲೆ ಬಿದ್ದಿದೆ.

ಜಿಗಣಿಯಲ್ಲಿ ಫ್ಯಾಕ್ಟರಿಗಳು ಬರುತ್ತವೆ ಎಂದು ನಮ್ಮ ಹೊಲ ಹೋಯಿತು. ಉಳುವುದಕ್ಕೆ ಏನೂ ಉಳಿಯಲಿಲ್ಲವೆಂದು ಜೋಡೆತ್ತು ಮಾರಿದರು. ಅದಕ್ಕೆ ನಾನು ಎದುರಾಡಲಿಲ್ಲ. ಕೆಲಸವಿಲ್ಲದ ಎತ್ತು, ಕೆಲಸವಿಲ್ಲದ ಗಂಡಸು, ಎರಡನ್ನೂ ಒಂದೇ ಮನೆಯಲ್ಲಿ ಸಾಕಲಾಗದು. ಆದರೆ ಅವುಗಳ ಹಿಂದೆಯೇ ನನ್ನ ಹಸುವನ್ನೂ ಸಂತೆಗೆ ಹೊಡೆದರು. ಕೊಟ್ಟಿಗೆ ಖಾಲಿಯಾಗಬೇಕಿತ್ತು. ನಮ್ಮ ಯಜಮಾನರು ಬೆಂಗಳೂರಿನಲ್ಲಿ ಯಾರೋ ಓಡಿಸಿ ಸಾಕಾದ ಸಣ್ಣ ಕಾರೊಂದನ್ನು ನೋಡಿ ಬಂದಿದ್ದರು.

“ಅಸ ನಿಂತ್ರೂ ತಿಂತದೆ, ಮಲಗಿದ್ರೂ ತಿಂತದೆ. ಇದು ಓಡಿದ್ರೆ ಮಾತ್ರ ಕುಡೀತದೆ” ಎಂದರು.

“ಅಸ ತಿಂದು ಆಲು ಕೊಡ್ತದೆ. ಇದು ಕುಡ್ದು ಏನಯ್ಯಾ ಕೊಡ್ತದೆ?”

“ಲೇ, ಇದು ಒಂದಿನ ಕೈ ಕೊಡ್ತು ಅನ್ನು. ಅವತ್ತೇ ಗುಜರಿಗಾಕಿ ನಿನ್ನ ಕೊಟ್ಗೇಲಿ ಅಸ ತಂದು ಕಟ್ತೀನಿ.”

ಆ ಮಾತನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಎತ್ತು ಕೊಳ್ಳುವಾಗ ಈ ಮನುಷ್ಯ ಹೀಗಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಇಳಿಜಾರಿನಲ್ಲಿ ನಡೆಸಿ ಗೊರಸು ನೋಡುತ್ತಿದ್ದರು. ಮೈಮೇಲೆ ಕೂದಲು ತಿರುಗಿ ಕೂತ ಜಾಗಕ್ಕೆ ಸುಳಿ ಎನ್ನುತ್ತೇವೆ, ಅದು ಎಲ್ಲಿದೆ ಎಂಬುದರ ಮೇಲೆ ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಲೆಕ್ಕ. ಸುಳಿ ಸರಿಯಿಲ್ಲವೆಂದು ಹಾಲಿನಂಥ ಎತ್ತನ್ನು ಬಿಟ್ಟು ಸಂತೆಯಿಂದ ಬರಿಗೈಯಲ್ಲಿ ಬಂದವರು. ಕಾರಿಗೆ ಬಣ್ಣವೊಂದನ್ನೇ ನೋಡಿದರು. ಬಿಳಿ. ಮಾರಿದ ಎತ್ತುಗಳೂ ಬಿಳಿ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅಳುತ್ತಿದ್ದರು, ನನಗೆ ಅದನ್ನು ನೋಡುವ ತಾಳ್ಮೆ ಇಲ್ಲ.

ಕೈ ಕೊಡುವ ದಿನಕ್ಕೆ ಬಹಳ ಕಾಯಬೇಕಾಗಲಿಲ್ಲ. ಮೊದಲ ಚಳಿಗೇ ಕಾರು ಎದ್ದೇಳಲಿಲ್ಲ. ನಾನು ಹೋಗಿ ನಿಂತೆ. “ಕೈ ಕೊಡ್ತಾ?” “ಇಲ್ಲ, ಬ್ಯಾಟ್ರಿ ವೀಕು.” ಬೇಸಿಗೆಯಲ್ಲಿ ದಾರಿ ಮಧ್ಯೆ ಹೊಗೆ ಬಂತು. “ಕೈ ಕೊಡ್ತಾ?” “ಇಲ್ಲ, ಇಂಜಿನ್ ಬಿಸಿ ಆಗೈತೆ, ಅಷ್ಟೇಯ.” ಕಾರು ಕೆಡುತ್ತಿರಲೇ ಇಲ್ಲ. ಅದರೊಳಗಿನ ಒಂದೊಂದು ಸಾಮಾನು ಕೆಡುತ್ತಿತ್ತು. ಹಸುವಿಗೆ ಇಷ್ಟು ನ್ಯಾಯ ಯಾರೂ ಮಾಡಲಿಲ್ಲ. ಒಂದು ಹೊತ್ತು ಹಾಲು ಕಡಿಮೆಯಾದರೆ ಇಡೀ ಹಸುವೇ ದಂಡ.

ಮೆಕ್ಯಾನಿಕ್ ಕೈಗೆ ಗಾಡಿ ಕೊಡಬಾರದು ಎಂದವನು ನನ್ನ ಮಗ ಮುನಿರಾಜ. ಫ್ಯಾಕ್ಟರಿಯಲ್ಲಿ ರಟ್ಟಿನ ಡಬ್ಬಿ ಮಡಚುವ ಕೆಲಸ ಅವನದು. ಮಿಷನ್ನುಗಳಿರುವ ಕಟ್ಟಡದಲ್ಲೇ ನಿಲ್ಲುವುದರಿಂದ ಮಿಷನ್ನು ತನಗೆ ತಿಳಿದಿದೆ ಎಂದು ಅವನ ನಂಬಿಕೆ. ಅಪ್ಪ ಮಗ ಸೇರಿ ರಿಪೇರಿ ಶುರು ಮಾಡಿದರು. ಎಲ್ಲ ಔಷಧಿಯೂ ನನ್ನ ಅಡುಗೆಮನೆಯಿಂದ. ರೇಡಿಯೇಟರ್ ಸೋರಿದರೆ ಅದಕ್ಕೆ ಅರಿಶಿನ ಸುರಿದರು, ತೂತು ಮುಚ್ಚುತ್ತದಂತೆ. ಬ್ಯಾಟರಿಯ ತುದಿಗೆ ಬಿಳಿ ಬೂಷ್ಟು ಬಂದರೆ ಸ್ನಾನಕ್ಕೆ ಕಾಯಿಸಿದ ನೀರು. ಇಂಜಿನ್ನಿನ ಪೆಟ್ರೋಲ್ ಪಂಪು ಬಿಸಿಯಾದರೆ ನನ್ನ ಹಳೆ ಸೀರೆಯ ಒದ್ದೆ ತುಂಡು. ಪೆಟ್ರೋಲ್ ಟ್ಯಾಂಕು ಬೆವರತೊಡಗಿದಾಗ ನನ್ನ ಬಟ್ಟೆ ಸೋಪನ್ನು ತೆಗೆದುಕೊಂಡು ಹೋಗಿ ಉಜ್ಜಿ ಮೆತ್ತಿದರು. ಬಾಣಂತಿಗೂ ಈ ಮನೆಯಲ್ಲಿ ಇಷ್ಟು ಆರೈಕೆ ಆಗಿರಲಿಲ್ಲ. ಬಾಣಂತಿ ನಾನೇ, ಅದಕ್ಕೆ ಗೊತ್ತು.

ಹೀಗಿರುವಾಗ ಸಂಕ್ರಾಂತಿ ಬಂತು.

ಆ ದಿನ ಸಂಜೆ ನಮ್ಮಲ್ಲಿ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ದಾರಿಗೆ ಹುಲ್ಲು ಹರಡಿ ಬೆಂಕಿ ಕೊಟ್ಟು ಅದರ ಮೇಲೆ ಹಾರಿಸುತ್ತಾರೆ. ಕಿಚ್ಚು ಹಾಯಿಸುವುದು ಎಂದರೆ ಅದು. ನಮ್ಮ ಮನೆಯಲ್ಲಿ ಹಾಯುವ ಪ್ರಾಣಿ ಒಂದೂ ಇರಲಿಲ್ಲ. ಯಜಮಾನರು ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದವರು ಮಧ್ಯಾಹ್ನ ಎದ್ದು ಕಾರು ತೊಳೆದರು. ಮೂತಿಗೆ ಚೆಂಡುಹೂವಿನ ಹಾರ ಹಾಕಿದರು. ಪಕ್ಕದ ಮನೆಯವರ ಹತ್ತಿರ ಹುಲ್ಲು ಕೇಳಿ ತಂದರು. ಒಂದು ಕಾಲಕ್ಕೆ ಊರಿಗೇ ಹುಲ್ಲು ಕೊಟ್ಟ ಮನೆ ನಮ್ಮದು.

“ಕಾರು ಎಂಗಯ್ಯಾ ಆರ್ತದೆ?” ಎಂದೆ.

“ಆರೋದೇನು ಬಂತು, ಉರುಳ್ತದೆ. ಬಸವಣ್ಣನ ಜಾಗದಲ್ಲಿ ನಿಂತಿರೋದು ಇದೇ ತಾನೆ? ಇದ್ಕೂ ದೃಷ್ಟಿ ಓಗ್ಲಿ.”

“ನೀನ್ ಸುಮ್ನಿರವ್ವ” ಎಂದು ಮುನಿರಾಜ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ.

ದನ ಬೆಂಕಿ ಕಂಡರೆ ಬೆದರುತ್ತದೆ, ಬೆದರಿದ್ದಕ್ಕೇ ಹಾರಿ ಪಾರಾಗುತ್ತದೆ. ಕಾರಿಗೆ ಭಯವಿಲ್ಲ. ಅದು ನೆಟ್ಟಗೆ ಹೋಗಿ ಬೆಂಕಿಯ ನಟ್ಟನಡುವೆ ಆಫ್ ಆಗಿ ನಿಂತಿತು.

ಸುತ್ತ ನಿಂತವರು ಕೇಕೆ ಹಾಕಿದರು, ಅದೂ ಆಟದ ಭಾಗ ಎಂದುಕೊಂಡು. ಮುನಿರಾಜ ಕೀ ತಿರುಗಿಸುತ್ತಲೇ ಇದ್ದ. ಹುಲ್ಲಿನ ಉರಿ ಅಡಿಗೆ ನುಗ್ಗಿತು. ಆ ಟ್ಯಾಂಕಿಗೆ ಮೆತ್ತಿರುವುದು ನನ್ನ ಬಟ್ಟೆ ಸೋಪು ಎಂದು ಅಲ್ಲಿದ್ದವರಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಬಾಯಿ ತೆರೆದುಕೊಂಡು ನಿಂತಿದ್ದರು. ಇನ್ನೊಬ್ಬ ಒಳಗಿದ್ದ. ನಾನು ಸೀರೆ ಎತ್ತಿ ಕಟ್ಟಿ ಬೆಂಕಿಗೆ ಇಳಿದು ತಳ್ಳಿದೆ. “ಬರ್ರೋ, ಟ್ಯಾಂಕ್ ಸೋರ್ತೈತೆ!” ಎಂದು ಕೂಗಿದ್ದು ತಪ್ಪಾಯಿತು. ಬರುತ್ತಿದ್ದವರೂ ಹಿಂದಕ್ಕೆ ಓಡಿದರು. ಕೊನೆಗೆ ಯಜಮಾನರು ಬಂದು ಹೆಗಲು ಕೊಟ್ಟರು. ಕಾರು ಹೊರಗೆ ಉರುಳಿತು. ನನ್ನ ಕಾಲಿನ ಬೊಬ್ಬೆ ಮಾಯಲು ಯುಗಾದಿ ಆಯಿತು.

ಆ ರಾತ್ರಿ ಕೇಳಿದೆ: “ಈಗ್ಲಾದ್ರೂ ಕೈ ಕೊಡ್ತೋ ಇಲ್ವೋ?”

ನೆಲ ನೋಡಿಕೊಂಡು ಹೇಳಿದರು: “ಪೈಪು ಸುಟ್ಟೈತೆ. ವೈರು ಕರಗೈತೆ. ಕಾರು ಎಂಗಿತ್ತೋ ಅಂಗೇ ಐತೆ.”

ಅಂದಿನಿಂದ ಅದು ಕೊಟ್ಟಿಗೆಯಲ್ಲಿ ರಿಪೇರಿಯಲ್ಲಿದೆ. ಭಾನುವಾರ ಅಪ್ಪನದು ಎರಡು, ಮಗನದು ಎರಡು, ಒಟ್ಟು ನಾಲ್ಕು ಕಾಲು ಕಾರಿನ ಅಡಿಯಿಂದ ಹೊರಗೆ ಚಾಚಿರುತ್ತವೆ ಎಂದು ನೆರೆಯವಳು ನಗುತ್ತಾಳೆ. ಒಂದು ಎತ್ತಿಗೆ ಸರಿಯಾದ ಲೆಕ್ಕ ಎಂದು ನಾನೂ ನಗುತ್ತೇನೆ.

ಕಾದು ಕಾದು ನಾನೇ ಆನೇಕಲ್ಲಿನ ನನ್ನ ತಮ್ಮನ ಮನೆಯಿಂದ ಇನ್ನೂ ಕರು ಹಾಕದ ಒಂದು ಕಡಸನ್ನು ಹೊಡೆದುಕೊಂಡು ಬಂದೆ. ಕಾರಿಗೆಂದು ಕೊಟ್ಟಿಗೆಯ ಗೂಟ ಕಿತ್ತು ಸಿಮೆಂಟು ಹಾಕಿಸಿದ್ದರು. ಹಗ್ಗವನ್ನು ಕಾರಿನ ಬಂಪರಿಗೇ ಕಟ್ಟಿದೆ. ಯಜಮಾನರು ನೋಡಿದರು. ಸಂಜೆ ಕಡಸಿನ ಹಲ್ಲು ನೋಡಿದರು, ಸುಳಿ ನೋಡಿದರು. “ಸುಳಿ ಪರವಾಗಿಲ್ಲ” ಎಂದರು.

ಹುಲ್ಲಿಗೆ ಫ್ಯಾಕ್ಟರಿಯ ಕಾಂಪೌಂಡಿನ ಹೊರಗೋಡೆಗೆ ಹೋಗುತ್ತೇನೆ. ನಮ್ಮ ಹುರುಳಿ ಹೊಲ ಇದ್ದ ಜಾಗವೇ. ವಾಚ್‌ಮನ್ ಕೋಲು ತೋರಿಸುತ್ತಾನೆ, “ಇಲ್ಲೆಲ್ಲ ಕುಯ್ಯಬಾರ್ದಮ್ಮ” ಎನ್ನುತ್ತಾನೆ. ಸರಿಯಪ್ಪ ಎಂದು ಕುಯ್ದುಕೊಂಡು ಬರುತ್ತೇನೆ.

ಈಗಲೂ ದಿನಾ ಸಂಜೆ ಯಜಮಾನರು ಕಾರಿನೊಳಗೆ ಕೂತು ಒಮ್ಮೆ ಕೀ ತಿರುಗಿಸುತ್ತಾರೆ. ಕರ್ ಎನ್ನುತ್ತದೆ, ಸುಮ್ಮನಾಗುತ್ತದೆ. ಕಡಸು ಕಿವಿ ಕೂಡ ಅಲ್ಲಾಡಿಸುವುದಿಲ್ಲ, ಅದಕ್ಕೂ ಅಭ್ಯಾಸವಾಗಿದೆ. ಆದರೂ ನಾನು ಹಗ್ಗಕ್ಕೆ ಹಾಕುವುದು ಎಳೆದರೆ ಬಿಚ್ಚಿಕೊಳ್ಳುವ ಗಂಟನ್ನೇ. ಕಾರು ಹೊರಡುವುದಿಲ್ಲ ಎಂದು ನನಗೆ ಗೊತ್ತು. ಹೊಲ ಎಲ್ಲಿಗೂ ಹೋಗುವುದಿಲ್ಲ ಎಂದೂ ಒಂದು ಕಾಲದಲ್ಲಿ ನನಗೆ ಗೊತ್ತಿತ್ತು.