ತೆಗೆದು ಹಾಕೋ ಗುಂಡಿ

ಬೆಟ್ಟಸ್ವಾಮಿ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಂಪ್ಯೂಟರ್ ಕಲಿಸೋಕೆ ಬಂದವನು ಎಂಟನೇ ಗುಂಡಿಗೆ ‘ತೆಗೆದು ಹಾಕೋದು’ ಅಂತ ಹೇಳಿ ಹೋದ. ತೆಗೆದು ಎಲ್ಲಿಗೆ ಹಾಕೋದು ಅಂತ ಹೇಳಲಿಲ್ಲ. ಅದೊಂದನ್ನು ಬಿಡಿಸಿ ಹೇಳಿದ್ದರೆ ನಾನು ತಿಮ್ಮಕ್ಕನಿಗೆ ಆ ಮಾತು ಅನ್ನುತ್ತಿರಲಿಲ್ಲ.

ತಿಮ್ಮಕ್ಕ ತುರುವೇಕೆರೆಯ ನನ್ನ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವಳು. ಮಾಯಸಂದ್ರದಿಂದ ಒಂಬತ್ತರ ಬಸ್ಸಿಗೆ ಬಂದು, ಕೇಸು ಅನ್ನೋ ಮರದ ತಟ್ಟೆಯ ಖಾನೆಗಳಿಂದ ಸೀಸದ ಅಕ್ಷರ ಹೆಕ್ಕಿ ಸಾಲು ಮಾಡುತ್ತಿದ್ದಳು. ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲ ಅವಳ ಕೈಯದೇ. ಅಚ್ಚಾದ ಮೇಲೆ ಮೊಳೆ ಬಿಡಿಸಿ ಅದರದರ ಖಾನೆಗೆ ವಾಪಸ್ ಹಾಕಬೇಕು. ಹಾಕದಿದ್ದರೆ ‘ಳ’ ಒತ್ತು ಸಾಲದೆ, ಮುಂದಿನ ಕೆಲಸದಲ್ಲಿ ‘ಹಳ್ಳಿ’ ಅಂತ ಜೋಡಿಸೋಕೂ ಆಗುತ್ತಿರಲಿಲ್ಲ. ಅದಕ್ಕೆ ನಾನು ಎಷ್ಟು ಸಲ ಬೈದಿದ್ದೇನೋ.

ತೊಂಬತ್ತೇಳರಲ್ಲಿ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿ ಒಂದು ಹಳೇ ಕಂಪ್ಯೂಟರ್ ತಂದೆ. ಮೌಸ್ ಇರಲಿಲ್ಲ. ಕಪ್ಪು ಪರದೆ, ಅದರಲ್ಲಿ ಮಿಣುಕೋ ಒಂದು ಗೀಟು. ಏನು ಬೇಕಾದರೂ ಇಂಗ್ಲಿಷಿನಲ್ಲಿ ಹೊಡೆದೇ ಹೇಳಬೇಕು. ಇದು ಒಗ್ಗದಿದ್ದರೆ ಕೆಲಸ ಇಲ್ಲ ಅಂತ ತಿಮ್ಮಕ್ಕನಿಗೆ ಮೊದಲೇ ಹೇಳಿದ್ದೆ. ಬೆಟ್ಟಸ್ವಾಮಿ ಅವಳ ಮುಖ ನೋಡಿ, ಇಷ್ಟೆಲ್ಲ ಹೊಡೆಯೋದು ಬೇಡ ಅಂತ ತಿಪಟೂರಿನಿಂದ ಒಂದು ಫ್ಲಾಪಿ ತಂದು ಹಾಕಿದ. ಯಂತ್ರ ಸ್ವಲ್ಪ ಹೊತ್ತು ಗೊರಗುಟ್ಟಿತು. ಆಮೇಲಿಂದ ಎರಡಕ್ಷರ ಹೊಡೆದು ಎಂಟರ್ ಒತ್ತಿದರೆ ಸಾಕು, ನೀಲಿ ಪರದೆ. ಎಡಕ್ಕೊಂದು ಬಲಕ್ಕೊಂದು ಅಂಕಣ, ಫೈಲುಗಳ ಹೆಸರು ಸಾಲಾಗಿ. ಟ್ಯಾಬ್ ಒತ್ತಿದರೆ ಆ ಕಡೆಯಿಂದ ಈ ಕಡೆಗೆ. ಎಫ್ ಐದು ನಕಲು, ಎಫ್ ಆರು ಸಾಗಿಸೋದು, ಎಫ್ ಎಂಟು ತೆಗೆದು ಹಾಕೋದು.

ತಿಮ್ಮಕ್ಕ ನೋಡಿದವಳೇ, “ಇದೂ ಎರಡು ಕೇಸೇ ಬುಡಿ,” ಅಂದಳು. ವಾರ ಕಳೆಯೋದರೊಳಗೆ ಗುಂಡಿ ನೋಡದೆಯೇ ಅವಳ ಬೆರಳು ಓಡುತ್ತಿದ್ದವು. ನನಗೆ ಒಳಗೇ ಹೆಮ್ಮೆ. ಹೇಳಲಿಲ್ಲ.

ಬಿಳಿಗೆರೆಯ ಶ್ರೀರಂಗಯ್ಯ ಮೇಷ್ಟ್ರು ಅರವತ್ತು ಪುಟದ ಸೋಬಾನೆ ಪದಗಳ ಪುಸ್ತಕ ಮಾಡಿಸಿದ್ದರು. ಮೂರು ತಿಂಗಳ ಮೇಲೆ ಬಂದು, ಇನ್ನೆರಡು ಪದ ಸೇರಿಸಿ ಮತ್ತೆ ಐನೂರು ಹಾಕಿಕೊಡಿ ಅಂದರು. ತಿಮ್ಮಕ್ಕನಿಗೆ ಫೈಲು ತೆಗಿ ಅಂದೆ. ಎಡಗಡೆ ಇಲ್ಲ, ಬಲಗಡೆಯೂ ಇಲ್ಲ. ಆ ಪುಸ್ತಕ ಒಂದೇ ಅಲ್ಲ, ಅಚ್ಚಾದ ಯಾವ ಕೆಲಸವೂ ಇಲ್ಲ.

“ಅಚ್ಚಾಯ್ತಲ್ಲ ಸ್ವಾಮಿ, ಬುಡ್ಸಿ ಹಾಕ್ದೆ,” ಅಂದಳು.

“ಎಲ್ಲಿಗೆ ಹಾಕಿದೆ?”

“ಅದರ ಖಾನೆಗೆ. ಅಕ್ಷರ ಸಾಲ್ದೆ ಬಂದ್ರೆ ಬೈಯೋರು ನೀವೇ ಅಲ್ವ್ರಾ?”

ಎಫ್ ಎಂಟು ಒತ್ತಿದಾಗೆಲ್ಲ ಪರದೆ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತಂತೆ, ಪ್ರತಿ ಸಲವೂ ಎಂಟರ್ ಒತ್ತಿದ್ದಳಂತೆ. ಮೇಷ್ಟ್ರು ನಕ್ಕುಬಿಟ್ಟರು. ಅವರು ನಕ್ಕಿದ್ದಕ್ಕೇ ನನಗೆ ತಲೆ ಕೆಟ್ಟಿತು. “ನಾಳೆಯಿಂದ ಬರಬೇಡ,” ಅಂದೆ.

ಮಾರನೇ ದಿನ ಅದೇ ಒಂಬತ್ತರ ಬಸ್ಸಿಗೆ ಬಂದಳು. ಅಚ್ಚಾದ ಪುಸ್ತಕವನ್ನು ಪಕ್ಕಕ್ಕೆ ಒರಗಿಸಿಕೊಂಡು ಮೊದಲನೇ ಪದದಿಂದ ಹೊಡೆಯುತ್ತಾ ಕೂತಳು. ನಾನು ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಂಬತ್ತು ದಿನಕ್ಕೆ ಮುಗಿಯಿತು. ಫ್ಲಾಪಿ ಹಾಕಿ, ಎಫ್ ಐದು ಒತ್ತಿ, ನನ್ನನ್ನು ಕರೆದು ತೋರಿಸಿದಳು. ಎಡಕ್ಕೂ ಅದೇ ಹೆಸರು, ಬಲಕ್ಕೂ ಅದೇ ಹೆಸರು. ಹೂಂ ಅಂದೆ.

ಹಾಗೇ ಹತ್ತು ವರ್ಷ ಬಂದಳು. ಮೌಸ್ ಇರೋ ಕಂಪ್ಯೂಟರ್ ಬಂದರೂ ಮೌಸ್ ಮುಟ್ಟದೆ, ಅದರಲ್ಲೂ ತನ್ನ ನೀಲಿ ಪರದೆಯನ್ನೇ ಹಾಕಿಸಿಕೊಂಡಳು. ಒಂದು ಫೈಲೂ ಕಳೆಯಲಿಲ್ಲ.

ಎರಡು ಸಾವಿರದ ಏಳರಲ್ಲಿ ಕಣ್ಣಿಗೆ ಪೊರೆ ಬಂತು. ಕೊನೆಯ ದಿನ ಸಾಯಂಕಾಲ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಅವತ್ತೇ ಬರಬೇಡ ಅಂದಿದ್ರಲ್ಲ ಸ್ವಾಮಿ, ಈಗ ಬರಲ್ಲ ಬುಡಿ,” ಅಂದಳು. ನಗುತ್ತಲೇ ಅಂದಳು.

ಈಗಲೂ ಮಾಯಸಂದ್ರದ ಕಡೆ ಹೋದರೆ ಅವಳ ಮನೆಯಲ್ಲಿ ಕಾಫಿ ಕುಡಿದೇ ಬರುತ್ತೇನೆ. ಮಳೆ, ಕೊಬ್ಬರಿ ರೇಟು, ಅವಳ ಕಣ್ಣು, ಎಲ್ಲ ಮಾತಾಗುತ್ತೆ. ‘ನಾಳೆಯಿಂದ ಬಾ’ ಅನ್ನೋ ಒಂದು ಮಾತು ಹೇಳೋದಿತ್ತು, ಅದು ಹಾಗೇ ಉಳಿದಿದೆ.